ಸೊಳ್ಳೆ ಕದ್ದವರು ಯಾರು

ಆಗಸ್ಟ್ ಹನ್ನೊಂದು, ಸೋಮವಾರ. ಲೂಯಿಸಿಯಾನಾದ ಸೇನಾ ನೆಲೆಯ ಪೊಲೀಸ್ ಠಾಣೆಗೆ ಬೆಳಗ್ಗೆ ಎಂಟಕ್ಕೆ ಬಂದ ಮೊದಲ ದೂರನ್ನು ಸಾರ್ಜೆಂಟ್ ಕ್ರೂಸ್ ಎರಡು ಸಲ ಕೇಳಿಸಿಕೊಂಡ.

"ಏನು ಕಳುವಾಗಿದೆ ಅಂದೆ?"

"ಸೊಳ್ಳೆ, ಸಾರ್ಜೆಂಟ್."

ಹೇಳಿದವಳು ಸೇನೆಯ ರೋಗ ತಡೆ ವಿಭಾಗದ ತಜ್ಞೆ ತಫೋಯಾ. ಪಕ್ಕದ ಮೇಜಿನ ಪೇದೆ ಯಾನ್ಸಿ ತಲೆ ಎತ್ತಲಿಲ್ಲ. "ನಮ್ಮಜ್ಜನ ಮನೆಗೆ ಬಂದಿದ್ರೆ ಕಳ್ಳನಿಗೆ ಊಟ ಹಾಕಿ ಕಳಿಸ್ತಿದ್ವಿ," ಅಂದ.

ತಫೋಯಾ ನಗಲಿಲ್ಲ. ಸೈನಿಕರ ಕುಟುಂಬಗಳಿರುವ ಪೆಕಾನ್ ಬೀದಿಯ ಹುಡುಗಿಯೊಬ್ಬಳು ಮಿದುಳು ಜ್ವರದಿಂದ ಆಸ್ಪತ್ರೆಯಲ್ಲಿದ್ದಳು. ಆ ಬೀದಿಯ ಸೊಳ್ಳೆಗಳಲ್ಲಿ ವೈರಸ್ ಇದೆಯೆಂದು ಪರೀಕ್ಷೆಯಲ್ಲಿ ತಿಳಿಯದೆ ಔಷಧ ಸಿಂಪಡಿಸಲು ಕಮಾಂಡರ್ ಒಪ್ಪುವುದಿಲ್ಲ. ಅದಕ್ಕೇ ಅವಳು ಮರಕ್ಕೆ ಸೊಳ್ಳೆ ಹಿಡಿಯುವ ಬೋನು ಕಟ್ಟುತ್ತಿದ್ದಳು. ಆದರೆ ಮೂರು ಸಲವೂ ಆ ಬೀದಿಯ ಬೋನಿನ ಚೀಲ ಖಾಲಿ, ಪಕ್ಕದ ಬೀದಿಯದ್ದು ಭರ್ತಿ.

"ಹುಡುಗಿಯ ಅಕ್ಕ ತಮ್ಮ ಎಲ್ಲ ಅಲ್ಲೇ ಆಡ್ತಿದ್ದಾರೆ. ಇನ್ನೊಂದು ಮಗು ಕಾಯಿಲೆ ಬೀಳೋ ಮುಂಚೆ ನನಗೆ ಆ ಸೊಳ್ಳೆ ಬೇಕು."

ಕ್ರೂಸ್ ದೂರು ದಾಖಲಿಸಿಕೊಂಡು ಸ್ಥಳಕ್ಕೆ ಹೋಗಿ ಮಹಜರು ಮಾಡಿದ. ಕೊಂಬೆಗೆ ತೂಗುಬಿಟ್ಟ ಬಕೆಟ್ಟಿನಲ್ಲಿ ಸೊಳ್ಳೆಗಳನ್ನು ಸೆಳೆಯುವ ಡ್ರೈ ಐಸ್ ಹೊಗೆಯಾಡುತ್ತಿತ್ತು. ಕೆಳಗೆ ಪುಟ್ಟ ದೀಪ, ಸೊಳ್ಳೆಗಳನ್ನು ಒಳಗೆಳೆಯುವ ಫ್ಯಾನು, ಬಲೆಯ ಚೀಲ. ಬ್ಯಾಟರಿ ಇದ್ದಲ್ಲೇ ಇತ್ತು. ಬೆಲೆಬಾಳುವುದನ್ನು ಬಿಟ್ಟು ಸೊಳ್ಳೆ ಒಯ್ಯುವ ಕಳ್ಳನ ತಲೆಯೊಳಗೆ ಏನಿರಬಹುದೆಂದು ಅವನಿಗೆ ಹೊಳೆಯಲೇ ಇಲ್ಲ.

ಪಕ್ಕದ ಬೀದಿಯ ಬೋನಿನಿಂದ ತಾನೇ ಚೀಲ ಬಿಚ್ಚಲು ಹೋದ. ಫ್ಯಾನು ಆರಿಸಿದ್ದೇ ತಡ, ಸೊಳ್ಳೆಗಳೆಲ್ಲ ಮುಖಕ್ಕೆ ಮುತ್ತಿದವು.

"ಹೊಸಬರೆಲ್ಲ ಹೀಗೇ ಮಾಡೋದು," ಅಂದಳು ತಫೋಯಾ. "ಮೊದಲು ಚೀಲದ ಬಾಯಿ ಕಟ್ಟಬೇಕು, ಆಮೇಲೆ ಫ್ಯಾನ್ ಆರಿಸಬೇಕು."

ಕ್ರೂಸ್ ಕೆನ್ನೆ ಕೆರೆದುಕೊಂಡ. "ಕಳ್ಳ ತುಂಬಿದ ಚೀಲ ಒಯ್ದು ಬದಲಿಗೆ ಕಟ್ಟಿಹೋದ ಖಾಲಿ ಚೀಲ ಎಲ್ಲಿಯದು?"

"ನಮ್ಮ ಗೋದಾಮಿನದೇ."

"ಗೋದಾಮಿನ ಬೀಗದ ಕೈ?"

"ನನ್ನ ಹತ್ರ. ಮತ್ತೆ ಕಾರ್ಪೊರಲ್ ಬೆನ್ ಹ್ಯಾಸ್ಕಿನ್ ಹತ್ರ." ಅವಳ ದನಿ ಇಳಿಯಿತು. "ಅವರಲ್ಲ. ನನಗೆ ಈ ಕೆಲಸ ಕಲಿಸಿದವರೇ ಅವರು."

ಹ್ಯಾಸ್ಕಿನ್‌ನ ಮನೆಯೂ ಪೆಕಾನ್ ಬೀದಿಯಲ್ಲೇ ಇತ್ತು. ಅಲ್ಲಿನ ಹೆಂಗಸರು ಅವನನ್ನು ಹೊಗಳುವವರೇ. ಹೋದ ವರ್ಷ ಔಷಧದ ಗಾಡಿ ಓಡಿಸುವ ಮುಂಚೆ ಮನೆಮನೆಗೆ ಬಂದು, ಕಿಟಕಿ ಮುಚ್ಚಿ, ಮಕ್ಕಳ ಆಟದ ಸಾಮಾನು ಒಳಗಿಡಿ, ಭಯಪಡಬೇಡಿ ಅಂದಿದ್ದನಂತೆ. ದೂರು ಕೊಟ್ಟವಳೇ ಕಳ್ಳಿಯೇ? ಅಥವಾ ಈ ಒಳ್ಳೆಯವನೇ? ಕ್ರೂಸ್‌ಗೆ ಎರಡೂ ನಂಬುವಂತಿರಲಿಲ್ಲ.

ಆ ಸಂಜೆ ತಫೋಯಾ ಮತ್ತೆ ಬೋನು ಕಟ್ಟಿದಳು. ಮಂಗಳವಾರ ನಸುಕಿನಲ್ಲಿ ಕ್ರೂಸ್ ಮತ್ತು ಯಾನ್ಸಿ ಕಾರಿನಲ್ಲಿ ಕಾದು ಕೂತರು. ಬೆಳಕು ಹರಿಯುವ ಹೊತ್ತಿಗೆ ಒಬ್ಬ ಮರದ ಬಳಿ ಬಂದ. ಮೊದಲು ಚೀಲದ ಬಾಯಿ ಕಟ್ಟಿದ. ಆಮೇಲೆ ಫ್ಯಾನು ಆರಿಸಿದ.

"ಹ್ಯಾಸ್ಕಿನ್," ಎಂದು ಕೂಗಿದ ಕ್ರೂಸ್. ಅವನು ಓಡಲಿಲ್ಲ. ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ನಿಂತ.

"ಮಿಕ್ಕವು ಎಲ್ಲಿ?"

"ಮನೇಲಿ."

ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿ, ಬಟಾಣಿ ಪೊಟ್ಟಣದ ಹಿಂದೆ, ಮೂರು ಚೀಲಗಳೂ ಭದ್ರವಾಗಿದ್ದವು.

"ಯಾಕೆ ಎಸೆಯಲಿಲ್ಲ?" ಕ್ರೂಸ್ ಕೇಳಿದ.

"ಕೈ ಬರಲಿಲ್ಲ. ವೈರಸ್ ಇದ್ರೆ ಬೇಕಾಗುತ್ತಲ್ಲ."

"ಬೇಕು ಅಂತ ಗೊತ್ತಿದ್ದೂ ಕದ್ದೆ?"

ಹ್ಯಾಸ್ಕಿನ್ ಒಳಕೋಣೆಯ ಬಾಗಿಲ ಕಡೆ ನೋಡಿದ. ಅಲ್ಲಿ ಅವನ ಹೆಂಡತಿ ಡಾರ್ಸಿ, ತುಂಬು ಬಸುರಿ, ಗೋಡೆ ಹಿಡಿದು ನಿಂತಿದ್ದಳು.

"ಹೋದ ವರ್ಷ ಈ ಬೀದಿಗೆ ನಾನೇ ಗಾಡಿ ಓಡಿಸಿದ್ದು. ತಿಂಗಳೊಳಗೆ ಇವಳ ಹೊಟ್ಟೇಲಿದ್ದ ಮಗು ಹೋಯ್ತು. ಆ ಮದ್ದಿಂದ ಏನೂ ಆಗಲ್ಲ ಅಂತ ಓದಿದ್ದೀನಿ, ಮನೆಮನೆಗೂ ಹೇಳಿದ್ದೀನಿ. ಇವಳ ಹೆರಿಗೆ ಆಗೋವರೆಗೆ ಗಾಡಿ ಬರದಿದ್ರೆ ಸಾಕಿತ್ತು."

"ಆಸ್ಪತ್ರೇಲಿರೋ ಹುಡುಗಿ?"

"ಅವಳ ಅಪ್ಪನಿಗೆ ದಿನಾ ಊಟ ಒಯ್ದು ಕೊಡ್ತಿದ್ದೆ," ಅಂದ ಹ್ಯಾಸ್ಕಿನ್. ಅದು ಉತ್ತರವಲ್ಲವೆಂದು ಅವನಿಗೂ ಗೊತ್ತಿತ್ತು.

ಡಾರ್ಸಿ ಒಬ್ಬೊಬ್ಬರ ಮುಖವನ್ನೂ ನೋಡಿ ಗಂಡನತ್ತ ತಿರುಗಿದಳು. "ಮದ್ದಿಂದ ಆಗಿದ್ದಲ್ಲ ಅಂತ ಡಾಕ್ಟರು ಆವತ್ತೇ ಹೇಳಿದ್ರು. ನೀನೂ ಪಕ್ಕದಲ್ಲೇ ಕೂತಿದ್ದೆ, ಬೆನ್. ಹೂಂ ಅಂದೆಯಲ್ಲ. ನಾನು ಒಂದು ದಿನವಾದ್ರೂ ನಿನ್ನ ದೂರಿದ್ದೀನಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಯಾನ್ಸಿ ಕೈಕೋಳ ಹಾಕಿದ. ಆ ದಿನ ಅವನು ತಮಾಷೆಯ ಮಾತೇ ಆಡಲಿಲ್ಲ.

ಹ್ಯಾಸ್ಕಿನ್ ಕಟ್ಟಿಟ್ಟಿದ್ದ ಚೀಲಗಳ ಸೊಳ್ಳೆಗಳಲ್ಲೇ ವೈರಸ್ ಸಿಕ್ಕಿತು. ಗುರುವಾರ ಔಷಧದ ಗಾಡಿ ಬರುವ ಮುಂಚೆ ತಫೋಯಾ ಮನೆಮನೆ ಬಾಗಿಲು ತಟ್ಟಿದಳು. ಡಾರ್ಸಿಯ ಮನೆಗೆ ಒಬ್ಬಳೇ ಹೋಗಲಾರೆನೆಂದು ಕ್ರೂಸ್‌ನನ್ನು ಜೊತೆಗೆ ಕರೆದಿದ್ದಳು. ಬಾಗಿಲು ತೆರೆದ ಡಾರ್ಸಿ, ತಫೋಯಾ ಬಾಯಿ ತೆರೆಯುವ ಮುಂಚೆಯೇ ಹೇಳಿದಳು.

"ಕಿಟಕಿ ಮುಚ್ಚಬೇಕು. ಆಟದ ಸಾಮಾನು ಒಳಗಿಡಬೇಕು. ನನಗೆ ಬಾಯಿಪಾಠ, ಮಗಳೇ."

"ನೀವು ಬೇರೆ ಕಡೆ ಹೋಗಿರೋದಾದ್ರೆ ನಾನೇ ಬಿಟ್ಟುಬರ್ತೀನಿ," ಅಂದ ಕ್ರೂಸ್.

"ಇಲ್ಲೇ ಇರ್ತೀನಿ. ಇಲ್ಲೇ ಇದ್ದೆ, ಏನೂ ಆಗಲಿಲ್ಲ ಅಂತ ಮಗು ಹುಟ್ಟಿದ ಮೇಲೆ ಬೆನ್‌ಗೆ ಹೇಳಬೇಕು."

ಹೊಸ್ತಿಲ ಹೊರಗೆ ಗಂಡನ ಬೂಟು ಇದ್ದಲ್ಲೇ ಇತ್ತು. ಅವಳು ನಿಧಾನವಾಗಿ ಬಗ್ಗಿ ಅದನ್ನೆತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.