ಶ್ವೇತಾಂಬರಿಯ ಗಾಳಿ

ನೀಲಾಂಬಿಕೆಯ ಮಂಚದ ತಲೆದೆಸೆಯಲ್ಲಿ ತೆಂಗಿನಕಾಯಿಯಷ್ಟು ದೊಡ್ಡದಾದ ಬಿಳಿಯ ಪರಿಮಳಯಂತ್ರವೊಂದು ಸದ್ದಿಲ್ಲದೆ ಉಸಿರಾಡುತ್ತಿತ್ತು. ಅದರ ಹೊಟ್ಟೆಯಲ್ಲಿದ್ದ ಎಣ್ಣೆ ಹನಿಹನಿಯಾಗಿ ಆವಿಯಾಗಿ, ಹುಬ್ಬಳ್ಳಿಯ ಐದನೆಯ ಮಹಡಿಯ ಆ ಪುಟ್ಟ ಕೋಣೆಯನ್ನು ಅದೇ ಊರಿನ ‘ಶ್ವೇತಾಂಬರಿ’ ಹೋಟೆಲಿನ ಮೊಗಸಾಲೆಯನ್ನಾಗಿ ಮಾಡಿತ್ತು. ಲಾವಂಚ, ಬಿಳಿಚಹಾ, ಎಲ್ಲೋ ದೂರದಲ್ಲಿ ಹಿಂಡಿದ ನಿಂಬೆ. ಆ ಹೋಟೆಲಿನಲ್ಲಿ ಒಂದು ರಾತ್ರಿ ತಂಗುವ ಯೋಗವೇನೂ ಅವಳಿಗೆ ಬಂದಿರಲಿಲ್ಲ. ಗೆಳತಿಯ ಆರತಕ್ಷತೆಗೆ ಹೋದಾಗ ಮೊಗಸಾಲೆಯ ಸೋಫಾದ ಮೇಲೆ ಕೂತು ಎದ್ದು ಬಂದಿದ್ದಳು, ಅಷ್ಟೇ.

ಬಸುರಿಯಾದ ಹೊಸದರಲ್ಲಿ ಒಗ್ಗರಣೆಯ ವಾಸನೆ ಬಂದರೆ ಸಾಕು, ಕರುಳು ಕಿತ್ತು ಬಾಯಿಗೆ ಬರುತ್ತಿತ್ತು. ಕುಡಿದ ನೀರೂ ನಿಲ್ಲುತ್ತಿರಲಿಲ್ಲ. ಗಂಡ ಮಹಾಂತೇಶ ಅವಳನ್ನು ಪರಿಮಳದ ಅಂಗಡಿಗೆ ಕರೆದೊಯ್ದ. ಅಲ್ಲಿ ದೇಶವಿದೇಶದ ಹೋಟೆಲುಗಳ ಗಾಳಿ ಶೀಶೆಗಳಲ್ಲಿ ಸಾಲಾಗಿ ನಿಂತಿತ್ತು. ಒಂದರಲ್ಲಿ ಸಮುದ್ರ, ಒಂದರಲ್ಲಿ ಶ್ರೀಗಂಧ ಮತ್ತು ತೊಗಲು, ಇನ್ನೊಂದರಲ್ಲಿ ಅಂಜೂರ. ಎಲ್ಲವೂ ಅವಳ ತಲೆ ತಿರುಗಿಸಿದವು. ಶ್ವೇತಾಂಬರಿಯ ನಕಲನ್ನು ಮೂಸಿದಾಗ ಮಾತ್ರ ಹೊಟ್ಟೆ ತಣ್ಣಗಾಯಿತು.

“ಬಾಗಲದ ಹತ್ರ ಇಡ್ರಿ, ದಿನಕ್ಕ ಒಂದೆರಡು ತಾಸು ಹಚ್ಚಿದ್ರ ಸಾಕು” ಎಂದಳು ಅಂಗಡಿಯವಳು. ಹೊಟ್ಟೆ ತೊಳಸುವವಳ ಕಿವಿಗೆ ಅಂಥ ಬುದ್ಧಿಮಾತು ಎಲ್ಲಿ ಹೋಗಬೇಕು? ದೊಡ್ಡ ಶೀಶೆಯನ್ನೇ ತಂದು, ತಲೆದೆಸೆಗಿಟ್ಟು, ಹಗಲಿರುಳು ನಡೆಸಿದಳು. ಹೆರಿಗೆಗೆ ಆಸ್ಪತ್ರೆಗೆ ಹೋಗುವಾಗಲೂ ಯಂತ್ರವನ್ನು ಬಿಟ್ಟು ಹೋಗಲಿಲ್ಲ.

ಹಳೆಯ ಕಾಲದ ಅತ್ತರಿಗೂ ಈ ಎಣ್ಣೆಗೂ ಒಂದು ವ್ಯತ್ಯಾಸವಿತ್ತು. ಇದರಲ್ಲಿದ್ದದ್ದು ‘ಅಂಟುಗಂಧ’. ಅದರ ಕಣಗಳು ಮೂಗಿನ ನರಗಳ ಮೇಲೆ ಮೊದಲೇ ಹೋಗಿ ಕೂತುಬಿಡುತ್ತಿದ್ದವು. ಆಮೇಲೆ ಬಂದದ್ದು ಒಗ್ಗರಣೆಯಾಗಲಿ ಗಟಾರವಾಗಲಿ, ಅದಕ್ಕೆ ಜಾಗವೇ ಸಿಗುತ್ತಿರಲಿಲ್ಲ. ಉಸಿರಿನಿಂದ ನೆತ್ತರಿಗೂ ಇಳಿಯುವಷ್ಟು ಸಣ್ಣ ಕಣಗಳವು. ಅದರಿಂದ ದೇಹಕ್ಕೆ ಕೆಡುಕಿಲ್ಲವೆಂದು ಪರೀಕ್ಷಿಸಿಯೇ ಮಾರಾಟಕ್ಕೆ ಬಿಟ್ಟಿದ್ದರು.

ಹೆಣ್ಣು ಕೂಸು ಹುಟ್ಟಿತು. ಮನೆಗೆ ಬಂದ ಮೇಲೂ ಚೆನ್ನಾಗಿ ಹಾಲು ಕುಡಿದು ನಿದ್ದೆ ಮಾಡುತ್ತಿತ್ತು. ಅಷ್ಟರಲ್ಲಿ ನೀಲಾಂಬಿಕೆಯ ತಾಯಿ ಬಸಲಿಂಗವ್ವ ಬಾಣಂತನ ಮಾಡಲು ನವಲಗುಂದದಿಂದ ಬಂದಳು.

“ಬಾಣಂತಿ ಕೋಣ್ಯಾಗ ಇದೇನವಾ ಲಾಡ್ಜಿನ ವಾಸನಿ?” ಎಂದು ಮೂಗು ಮುರಿದು ಯಂತ್ರವನ್ನು ಆರಿಸಿದಳು. ಕೆಂಡಕ್ಕೆ ಲೋಬಾನ ಹಾಕಿ ಕೋಣೆ ತುಂಬ ಹೊಗೆ ಎಬ್ಬಿಸಿದಳು. ತಾಯಿಗೂ ಕೂಸಿಗೂ ಎಣ್ಣೆ ಹಚ್ಚಿ ಸುಡುಸುಡು ನೀರು ಎರೆದಳು.

ಆ ಸಂಜೆ ಕೂಸು ಹಾಲು ಬಿಟ್ಟಿತು.

ಎದೆಗೆ ಹಚ್ಚಿದರೆ ಮುಖ ತಿರುಗಿಸಿ ಚೀರಿತು. ಯಾರೋ ಗುರುತಿಲ್ಲದವರು ಎತ್ತಿಕೊಂಡಂತೆ ಮೈ ಸೆಟೆಸಿತು. ಚಮಚದಲ್ಲಿ ಕೊಟ್ಟರೆ ಉಗುಳಿತು. ಮರುದಿನ ಬಂದ ಡಾಕ್ಟರು ಬಾಯಿ, ಗಂಟಲು, ಹೊಟ್ಟೆ ಎಲ್ಲ ನೋಡಿ, “ಏನೂ ದೋಷ ಕಾಣವಲ್ದು. ಸಂಜೀ ತನಕ ಕುಡೀಲಿಲ್ಲಂದ್ರ ಅಡ್ಮಿಟ್ ಮಾಡ್ರಿ, ಮೂಗಿನಾಗ ನಳಿಗಿ ಹಾಕೋಣು” ಎಂದರು. ಕೂಸಿನ ಬಟ್ಟೆ ಒದ್ದೆಯಾಗುವುದು ನಿಂತಿತ್ತು. ಅಳು ಕ್ಷೀಣವಾಗುತ್ತ ಬಂದಿತ್ತು, ಆ ಕ್ಷೀಣವಾದ ಅಳುವೇ ನೀಲಾಂಬಿಕೆಯನ್ನು ಹೆಚ್ಚು ಹೆದರಿಸಿತು.

ಆಗ ಅವಳು ಒಂದನ್ನು ಗಮನಿಸಿದಳು. ಎಷ್ಟು ಸಲ ತನ್ನ ಕಡೆ ತಿರುಗಿಸಿದರೂ ಕೂಸು ಮತ್ತೆ ಮತ್ತೆ ಯಂತ್ರದ ಕಡೆಗೇ ಮುಖ ಮಾಡಿ ಬಾಯಿ ತೆರೆಯುತ್ತಿತ್ತು. ಎದ್ದು ಯಂತ್ರದ ಗುಂಡಿ ಒತ್ತಿದಳು. ಎಣ್ಣೆ ಪೂರ್ತಿ ಮುಗಿದಿತ್ತು.

ಮಹಾಂತೇಶ ಅಂಗಡಿಗೆ ಓಡಿದವನು ಬರಿಗೈಯಲ್ಲಿ ಬಂದ. ತಮ್ಮ ಗಾಳಿಯನ್ನು ನಕಲು ಮಾಡಿದ್ದಾರೆಂದು ಹೋಟೆಲಿನವರು ತಕರಾರು ಎತ್ತಿ, ಆ ಎಣ್ಣೆಯ ಮಾರಾಟ ನಿಂತು ತಿಂಗಳುಗಳೇ ಆಗಿದ್ದವು. ದಾರಿ ಕಾಣದೆ ಅವನು ಅಂಗಡಿಯವಳು ಕೊಟ್ಟ ನಂಬರು ಹಿಡಿದು, ಧಾರವಾಡದಲ್ಲಿದ್ದ ವಿಠ್ಠಲ ಸವಣೂರ ಎಂಬ ವಿಜ್ಞಾನಿಗೆ ಫೋನು ಹಚ್ಚಿ ಹೆಂಡತಿಯ ಕೈಗೆ ಕೊಟ್ಟ. ಅಂಟುಗಂಧವನ್ನು ಕಂಡುಹಿಡಿದವನು ಅವನೇ.

“ಬಸುರಿದ್ದಾಗ ಯಂತ್ರ ಎಷ್ಟು ಹೊತ್ತು ಹಚ್ಚತಿದ್ರಿ?” ಎಂದು ವಿಠ್ಠಲ ಕೇಳಿದ.

“ಹಗಲೂ ರಾತ್ರಿ.”



“ತಂಗೀ, ಎಳೆ ಕೂಸು ತಾಯಿನ್ನ ಕಣ್ಣಿಗಿಂತ ಮೊದಲ ಮೂಗಿನಿಂದ ಗುರ್ತ ಹಿಡೀತದ. ಗರ್ಭದ ನೀರಿನಾಗ ಯಾವ ವಾಸನಿ ಇತ್ತೋ ಅದನ್ನ ಹುಟ್ಟಿದ ಮ್ಯಾಲೆ ಹುಡುಕ್ತದ. ನಿಮ್ಮ ನೆತ್ತರಿನಿಂದ ಅಂಟುಗಂಧ ಆ ನೀರಿಗೆ ಇಳದದ. ಅದರ ಮೂಗಿನಾಗ ಬ್ಯಾರೆ ವಾಸನಿಗೆ ಜಾಗಾನ ಇರಲಿಲ್ಲ. ನಾವು ದೊಡ್ಡವರ ಮ್ಯಾಲೆ ಪರೀಕ್ಷಾ ಮಾಡಿದ್ವಿ. ಕೂಸುಗಳನ್ನ ಯಾರೂ ನೆನಸಲಿಲ್ಲ.”

“ಹಂಗಾರ ಅದಕ್ಕ ನಾ ಯಾರ್ರಿ?”

“ಹೊಸಾ ಎಣ್ಣಿ ಮಾಡಾಕ ವಾರ ಬೇಕು. ಅಷ್ಟು ದಿನಾ ಕೂಸು ತಡಿಯೂದಿಲ್ಲ. ಅಸಲಿ ಗಾಳಿ ಹೋಟೆಲಿನಾಗ ಅದ, ಈಗಿಂದೀಗ ಹೋಗ್ರಿ” ಎಂದ ವಿಠ್ಠಲ.

ಹಸಿ ಬಾಣಂತಿ ಹೊಸ್ತಿಲು ದಾಟುವುದೆಂದರೇನು? ಬಸಲಿಂಗವ್ವ ಬೇರೆ ದಿನವಾಗಿದ್ದರೆ ಬಾಗಿಲಿಗೆ ಅಡ್ಡ ಮಲಗುತ್ತಿದ್ದಳು. ಅಂದು ಮೊಮ್ಮಗಳ ಒಣಗಿದ ತುಟಿ ನೋಡಿ, ಮಗಳ ಕಿವಿಗೆ ಅರಳೆ ತುರುಕಿ, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ತಾನೇ ಮುಂದೆ ನಡೆದಳು.

ಶ್ವೇತಾಂಬರಿಯ ಗಾಜಿನ ಬಾಗಿಲು ತೆರೆದು ಲಾವಂಚದ ಗಾಳಿ ಮುಖಕ್ಕೆ ಬಡಿಯಿತು. ಕೂಸಿನ ಅಳು ಅಲ್ಲೇ ನಿಂತಿತು. ಮೂಗಿನ ಹೊಳ್ಳೆ ಅರಳಿತು. ನೀಲಾಂಬಿಕೆ ಸಿಕ್ಕ ಸೋಫಾದ ಮೇಲೆ ಕುಸಿದು ಸೆರಗು ಮರೆಮಾಡಿ ಎದೆಗೆ ಹಚ್ಚಿದಳು. ಕೂಸು ಮೊದಲು ಗಾಳಿ ಬರುವ ಕಂಡಿಗಳಿದ್ದ ಗೋಡೆಯ ಕಡೆ, ಆಮೇಲೆ ಮೇಲೆ ಛಾವಣಿಯ ಕಡೆ ಬಾಯಿ ತೆರೆದು ಹುಡುಕಿತು. ಕೊನೆಗೆ ಅವಳನ್ನು ಹಿಡಿದು ಗಟಗಟನೆ ಕುಡಿಯತೊಡಗಿತು. ಹೋದ ಜೀವ ಬಂದಂತಾಗಿ ಅವಳು ಬಿಕ್ಕಿಬಿಕ್ಕಿ ಅತ್ತಳು.

ಕರಿ ಕೋಟಿನ ಮ್ಯಾನೇಜರ್ ಹತ್ತಿರ ಬಂದ. ಹೊರಗೆ ಕಳಿಸುತ್ತಾನೆಂದು ಅವಳು ಕೂಸನ್ನು ಅವುಚಿಕೊಂಡಳು.

“ಇಲ್ಲಿ ಮಂದಿ ಓಡಾಡ್ತಾರ್ರಿ. ಆ ಪರದೆ ಹಿಂದ ಹೋಗ್ರಿ, ಉಳಿದವರೆಲ್ಲಾ ಅಲ್ಲೇ ಅದಾರ” ಎಂದ.

ಅವಳು ಕೂಸನ್ನೆತ್ತಿಕೊಂಡು ಆ ಕಡೆ ಹೋದಳು. ಪರದೆಯ ಹಿಂದೆ, ಒಳಗೋಡೆಯಿಂದ ಹಿತ್ತಿಲ ಬಾಗಿಲಿನವರೆಗೆ ಕುರ್ಚಿಗಳ ಸಾಲು. ಪ್ರತಿ ಕುರ್ಚಿಯಲ್ಲೂ ತಲೆಗೆ ಬಟ್ಟೆ ಕಟ್ಟಿದ ಒಬ್ಬ ಬಾಣಂತಿ, ತೊಡೆಯ ಮೇಲೆ ಒಂದು ಕೂಸು.

“ಹೊಸಬರು ಇಲ್ಲಿ ಗ್ವಾಡಿ ಕಡೆ ಕೂಡ್ರಬೇಕ್ರಿ” ಎಂದು ಮೊದಲ ಕುರ್ಚಿಯವಳು ಜಾಗ ಮಾಡಿಕೊಟ್ಟಳು. “ಇಲ್ಲಿ ಗಾಳಿ ದಟ್ಟ. ಕೂಸಿಗೆ ತಾಯಿ ವಾಸನಿ ರೂಢಿ ಆದ್ಹಂಗ ಒಂದೊಂದ ಕುರ್ಚಿ ಬಾಗಲದ ಕಡೆ ಸರಕೋತ ಹೋಗೂದು. ಅಲ್ಲಿಂದ ಹೊರಗ.”

“ಹೊರಗ ಹ್ವಾದಮ್ಯಾಲೆ ನಮ್ಮ ಗುರ್ತ ಹಿಡಿತಾವ?”

ಅವಳು ಸಾಲಿನ ತುದಿಯನ್ನು ಗದ್ದದಿಂದಲೇ ತೋರಿಸಿದಳು. ಕೊನೆಯ ಕುರ್ಚಿಯ ಹೆಂಗಸು ಹಾಲು ಕುಡಿಯುತ್ತಿದ್ದ ಕೂಸಿನೊಂದಿಗೆ ಎದ್ದು ನಿಂತಿದ್ದಳು. ಜೊತೆಗೆ ಬಂದಿದ್ದ ಅವಳ ತಾಯಿ ಬಾಗಿಲು ತೆರೆದಳು. ಸಾಲಿನವರೆಲ್ಲ ಕತ್ತು ಚಾಚಿ ನೋಡಿದರು. ಹೆಂಗಸು ಹೊರಗೆ ಬಿಸಿಲಿಗೆ ಕಾಲಿಟ್ಟಳು. ಕೂಸು ಕುಡಿಯುತ್ತಲೇ ಇತ್ತು. ಇನ್ನೊಂದು ಹೆಜ್ಜೆ, ಮತ್ತೊಂದು. ಅಷ್ಟರಲ್ಲಿ ಅದು ಬಾಯಿ ಬಿಟ್ಟು, ತಲೆ ಹೊರಳಿಸಿ, ಕಿಟಾರನೆ ಕಿರುಚಿತು.

ಹೆಂಗಸು ಓಡುತ್ತ ಒಳಗೆ ಬಂದು ಅದೇ ಕುರ್ಚಿಯಲ್ಲಿ ಕೂತಳು. ಮುಖ ಬೆವತಿತ್ತು. ಪಕ್ಕದವಳು ಅವಳ ಬೆನ್ನ ಮೇಲೆ ಕೈಯಿಟ್ಟು, “ಇವತ್ತ ನಿನ್ನೆಕಿಂತ ದೂರ ಹೋಗಿದ್ದಿ ಯವಾ” ಎಂದಳು.