ಮೂಗಿಗೆ ಹಾಕಿದ ಬೀಗ

ಉದ್ಯಾನದ ಗೇಟಿನವರೆಗೆ ಮೂಗಿಗೆ ಸೆರಗು, ಕರವಸ್ತ್ರ ಒತ್ತಿಕೊಂಡು ಬಂದವರು ಒಳಗೆ ನಾಲ್ಕು ಹೆಜ್ಜೆ ಇಟ್ಟ ಕೂಡಲೇ ಅದನ್ನು ಇಳಿಸುತ್ತಿದ್ದರು. ಆಮೇಲೆ ದೀರ್ಘವಾಗಿ ಉಸಿರೆಳೆದು, ಪಕ್ಕದವರ ಮುಖ ನೋಡಿ ನಗುತ್ತಿದ್ದರು. ಕೊಳಚೆ ಹರಿಯುವ ವೃಷಭಾವತಿ ನದಿಯ ದಂಡೆಯಲ್ಲಿ ನಿಂತು ಹೀಗೆ ಉಸಿರೆಳೆಯುವುದೆಂದರೆ, 2061ರಲ್ಲೂ, ಬೆಂಗಳೂರಿನವರಿಗೆ ಸಣ್ಣ ಮಾತಾಗಿರಲಿಲ್ಲ.

ಇದಕ್ಕೆ ಕಾರಣ ಹುಲ್ಲುಹಾಸಿನ ನಡುವೆ ನಿಂತಿದ್ದ ಬೂದುಬಣ್ಣದ ಕಂಬಗಳು. ಅವನ್ನು ರೂಪಿಸಿದವಳು ಡಾ. ಸಿಂಚನಾ. ನಮ್ಮ ಮೂಗಿನೊಳಗೆ ವಾಸನೆ ಗುರುತಿಸುವ ನೂರಾರು ಬಗೆಯ ಗ್ರಾಹಕಗಳಿವೆ. ಒಂದೊಂದೂ ಒಂದೊಂದು ಬೀಗವಿದ್ದಂತೆ. ಹೊಂದುವ ಅಣು ಬಂದು ಕೂತರೆ ಮಿದುಳಿಗೆ ಸುದ್ದಿ ಹೋಗುತ್ತದೆ. ಕಂಬಗಳು ಗಾಳಿಯನ್ನು ಪರೀಕ್ಷಿಸಿ, ಅದರಲ್ಲಿರುವ ದುರ್ವಾಸನೆಯ ಬೀಗಗಳಿಗಷ್ಟೇ ಹೊಂದುವ ನಿರುಪದ್ರವಿ ಅಣುಗಳನ್ನು ಸಿಂಪಡಿಸುತ್ತಿದ್ದವು. ಬೀಗದಲ್ಲಿ ಮೊದಲೇ ಇನ್ನೊಂದು ಕೀಲಿಕೈ ತುರುಕಿದ್ದರೆ ಅಸಲಿ ಕೀಲಿಕೈ ಹೋಗುವುದಾದರೂ ಹೇಗೆ? ಸಂಪಿಗೆಯ ಪರಿಮಳ ಬರುತ್ತಿತ್ತು, ಚರಂಡಿಯ ನಾತ ಮಾತ್ರ ಬರುತ್ತಿರಲಿಲ್ಲ. ನೀರನ್ನೇ ಶುದ್ಧಗೊಳಿಸುವ ಖರ್ಚು ಕೇಳಿ ಬೆಚ್ಚಿದ್ದವರೆಲ್ಲ ಈ ಕಂಬಗಳನ್ನು ಕಂಡು ಚಪ್ಪಾಳೆ ತಟ್ಟಿದ್ದರು.

ಅಂದು ಉದ್ಯಾನದ ಮೊದಲ ವಾರ್ಷಿಕೋತ್ಸವ, ನದಿಗೆ ಬಾಗಿನ ಅರ್ಪಿಸುವ ಕಾರ್ಯಕ್ರಮ. ಸಿಂಚನಾಳ ತಾಯಿ, ಎಪ್ಪತ್ತು ದಾಟಿದ ಶೈಲಜಾ, ಬೆಳ್ಳಿಯ ಆರತಿ ತಟ್ಟೆ ಹಿಡಿದು ಹತ್ತಾರು ಹೆಂಗಸರೊಂದಿಗೆ ನೀರಿನ ಪಕ್ಕದ ಮೆಟ್ಟಿಲಲ್ಲಿ ಕೂತಿದ್ದರು. ಎದುರಿಗೆ ನದಿಯಲ್ಲಿ, ಅತಿಥಿಯಾಗಿ ಬರಲಿದ್ದ ಸಚಿವರು ನೋಡಲೆಂದು ಹಾಕಿಸಿದ ಹೊಸ ಕಾರಂಜಿ ಬೆಳಗಿನಿಂದ ಚಿಮ್ಮುತ್ತಿತ್ತು. ಮೇಲೆ ನಿಂತ ಸಿಂಚನಾ ಕೈಗಡಿಯಾರದ ಪರದೆ ನೋಡಿ ಹಿಗ್ಗುತ್ತಿದ್ದಳು. ಕೆಳಗಿನ ಕಂಬಗಳು ಎಂದೂ ಇಲ್ಲದಷ್ಟು ಬಲದಲ್ಲಿ ಕೆಲಸ ಮಾಡುತ್ತಿದ್ದವು.

ಅಷ್ಟರಲ್ಲಿ ಕೆಳಗೆ ಒಬ್ಬಾಕೆ ಪಕ್ಕದವಳ ಹೆಗಲಿಗೆ ವಾಲಿದಳು.

"ಬೆಳಗ್ಗಿಂದ ಉಪವಾಸ ಅಲ್ವಾ, ತಲೆ ಸುತ್ತಿರತ್ತೆ. ಯಾರಾದ್ರೂ ಮಜ್ಜಿಗೆ ತನ್ನಿ," ಎಂದರು ಯಾರೋ.

ಸಿಂಚನಾ ಮಜ್ಜಿಗೆ ಲೋಟ ಹಿಡಿದು ಇಳಿದಳು. ಅಮ್ಮ ತಟ್ಟೆಯನ್ನು ಅವಳ ಮುಖದ ಮುಂದೆ ಹಿಡಿದರು.

"ಒಂದು ತಟ್ಟೆ ಉಜ್ಜು ಅಂದ್ರೆ ಹೀಗಾ ಉಜ್ಜೋದು? ಎಲ್ಲರ ಮುಂದೆ ನನ್ನ ಮಾನ ಕಳೆದೆ."

ತಟ್ಟೆ ಕಪ್ಪಿಟ್ಟಿತ್ತು. ಬೆಳಿಗ್ಗೆ ಸಿಂಚನಾ ಅದನ್ನು ವಿಭೂತಿ ಹಾಕಿ ಫಳಫಳ ಹೊಳೆಯುವಂತೆ ಉಜ್ಜಿದ್ದಳು. ಅವಳು ಪಕ್ಕಕ್ಕೆ ನೋಡಿದಳು. ಇನ್ನೊಬ್ಬರ ಕುಂಕುಮದ ಬಟ್ಟಲೂ ಕಪ್ಪು, ವಾಲಿ ಕೂತಿದ್ದಾಕೆಯ ಕಾಲುಂಗುರವೂ ಕಪ್ಪು. ಬೆಳ್ಳಿಯನ್ನು ಹೀಗೆ ನೋಡನೋಡುತ್ತ ಕಪ್ಪಾಗಿಸುವುದು ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ನಾತದ ವಿಷಾನಿಲ. ಗಾಳಿಗಿಂತ ಭಾರವಾದ್ದರಿಂದ ಅದು ತಗ್ಗಿನಲ್ಲೇ ನಿಲ್ಲುತ್ತದೆ. ಕಾರಂಜಿಯ ಪಂಪು ದಶಕಗಳ ಹೂಳನ್ನು ಕಲಕಿ ಅದನ್ನು ಮೇಲೆಬ್ಬಿಸಿತ್ತು. ಕಂಬಗಳು ತಮಗೆ ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿದ್ದವು.

"ಎಲ್ಲರೂ ಮೇಲೆ ಹೋಗಿ! ವಿಷದ ಗ್ಯಾಸು!"

ಹೆಂಗಸರು ಮೂಗರಳಿಸಿ ನೋಡಿದರು. "ಏನೂ ವಾಸನೆ ಇಲ್ವಲ್ಲಮ್ಮ?" ಎಂದರು ಒಬ್ಬರು. ಎದ್ದರೆ ಜಾಗ ಹೋದೀತೆಂದು ಇನ್ನೊಬ್ಬರು ಮತ್ತಷ್ಟು ಭದ್ರವಾಗಿ ಕೂತರು.

ಸಿಂಚನಾ ಉದ್ಯಾನದ ವ್ಯವಸ್ಥಾಪಕ ಯಶಸ್‌ಗೆ ಕರೆ ಮಾಡಿದಳು. "ಕಾರಂಜಿ ನಿಲ್ಸಿ, ಆಂಬುಲೆನ್ಸ್ ಕರೀರಿ. ಕಂಬಗಳನ್ನ ನಾನು ಆಫ್ ಮಾಡ್ತಿದೀನಿ."

"ಮೇಡಂ, ಸಚಿವರ ಕಾರು ಗೇಟ್ ಹತ್ರ ಬಂದಿದೆ! ಈಗ ಆ ಗಬ್ಬು ಅವರ ಮೂಗಿಗೆ ಬಡಿದ್ರೆ ನಿಮ್ಮ ಕಂಬಗಳ ಕಥೆ ಇವತ್ತಿಗೇ ಮುಗೀತು."

"ಮುಗೀಲಿ," ಎಂದು ಅವಳು ಗಡಿಯಾರದ ಪರದೆ ಒತ್ತಿದಳು.

ಆದರೆ ಮೂಗಿನ ಬೀಗ ಬಿಡಲು ಒಂದೆರಡು ನಿಮಿಷ ಬೇಕು. ಅವಳು ಉಸಿರು ಬಿಗಿಹಿಡಿದು ಅಮ್ಮನ ಕೈ ಎಳೆದಳು. ಅಮ್ಮ ಕೈ ಕೊಸರಿಕೊಂಡರು. "ಮೊದಲು ಅವಳನ್ನ ಎತ್ತು. ನಾನು ಹಿಂದೇನೇ ಬರ್ತೀನಿ."

ವಾಲಿ ಕೂತಿದ್ದಾಕೆಗೆ ಈಗ ಎಚ್ಚರವೇ ಇರಲಿಲ್ಲ. ಅವಳ ಕಂಕುಳಿಗೆ ಕೈಹಾಕಿ ಸಿಂಚನಾ ಒಂದೊಂದೇ ಮೆಟ್ಟಿಲು ಎಳೆದಳು. ಹಿಂದೆ ತಟ್ಟೆ ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ಅಮ್ಮ ಬಂದಿರಲಿಲ್ಲ. ಅಲ್ಲೇ ಕುಸಿದು ಕೂತಿದ್ದರು. "ಅಮ್ಮಾ!" ಎಂದು ಚೀರಿದಳು. ಕೈಲಿದ್ದ ಜೀವವನ್ನು ಬಿಡುವಂತಿರಲಿಲ್ಲ, ಕೆಳಗಿನ ಜೀವವನ್ನು ಬಿಟ್ಟು ಹೋಗುವಂತೆಯೂ ಇರಲಿಲ್ಲ.

ಆಗ ನಾತ ಬಂತು. ಹೊಟ್ಟೆ ತೊಳಸುವಂಥ, ಕಣ್ಣಲ್ಲಿ ನೀರು ತರಿಸುವಂಥ ನಾತ. ಯಾರಿಗೂ ಯಾರೂ ಹೇಳಬೇಕಾಗಲಿಲ್ಲ. ಹೆಂಗಸರೆಲ್ಲ ಬಾಗಿನ ಅಲ್ಲೇ ಬಿಟ್ಟು ಎದ್ದು ಓಡಿದರು. ಓಡುತ್ತಲೇ ಇಬ್ಬರು ಶೈಲಜಾ ಅವರ ರಟ್ಟೆಗೆ ಕೈಹಾಕಿ ಎಳೆದುಕೊಂಡು ಬಂದರು. ತಾನು ಜೀವಮಾನವಿಡೀ ದ್ವೇಷಿಸಿದ ಆ ನಾತವನ್ನು ಮೂಗಿನ ತುಂಬ ಎಳೆದುಕೊಳ್ಳುತ್ತ ಸಿಂಚನಾ ಸಂತೋಷಕ್ಕೆ ಅತ್ತುಬಿಟ್ಟಳು. ಸಚಿವರ ಕಾರು ಗಾಜು ಏರಿಸಿಕೊಂಡು ಗೇಟಿನಿಂದಲೇ ತಿರುಗಿತು.

ಸಂಜೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ಅಮ್ಮ, ಎಚ್ಚರ ತಪ್ಪಿದ್ದಾಕೆ ಇಬ್ಬರೂ ಅಪಾಯದಿಂದ ಪಾರಾಗಿದ್ದರು. ಆಮ್ಲಜನಕದ ಮುಖವಾಡ ಸರಿಸಿ ಅಮ್ಮ ಮಗಳ ಕೈ ಹಿಡಿದುಕೊಂಡರು.

"ಒಳ್ಳೇದೇ ಮಾಡ್ತಿದೀನಿ ಅಂದ್ಕೊಂಡಿದ್ದೆ ಅಮ್ಮ," ಎಂದಳು ಸಿಂಚನಾ.

"ಗೊತ್ತು ಕಣೇ. ನಿಂಗೆ ಜ್ಞಾಪಕ ಇರಲ್ಲ. ನೀನು ಚಿಕ್ಕೋಳಿದ್ದಾಗ ಮೈಸೂರು ರಸ್ತೇಲಿ ಬಸ್ಸು ಈ ನದಿ ಹತ್ರ ಬಂದ ತಕ್ಷಣ ಎಲ್ಲರೂ ಟಪಟಪ ಕಿಟಕಿ ಹಾಕ್ತಿದ್ರು. ನಾನು ನನ್ನ ದುಪಟ್ಟಾದಲ್ಲಿ ನಿನ್ನ ಮೂಗು ಮುಚ್ತಿದ್ದೆ. ಯಾಕಮ್ಮ ಈ ವಾಸನೆ ಅಂತ ನೀನು ಕೇಳ್ತಿದ್ದೆ. ಸುಮ್ನಿರು, ಈಗ ದಾಟಿಬಿಡತ್ತೆ ಅಂತಿದ್ದೆ." ಅವರು ಮುಖವಾಡದಲ್ಲಿ ಎರಡು ಸಲ ಉಸಿರೆಳೆದುಕೊಂಡರು. "ನಾನು ಕಲಿಸಿದ್ದನ್ನೇ ನೀನು ಮಾಡಿದ್ದು."

ನರ್ಸ್ ಒಳಗೆ ಬಂದಳು. "ಇವತ್ತೇನೋ ನದಿ ಕಡೆಯಿಂದ ಸಿಕ್ಕಾಪಟ್ಟೆ ನಾತ," ಎಂದು ಮುಖ ಕಿವುಚಿ ಕಿಟಕಿ ಮುಚ್ಚಲು ಹೋದಳು.

"ಮುಚ್ಚಬೇಡಮ್ಮ," ಎಂದರು ಶೈಲಜಾ. "ತೆಗೆದೇ ಇರ್ಲಿ."