ಮಾಮಾನ ಹಾಡಿನ ನಡುವಿನ ಕೂಗು

“ಆಆಆ!”

ಶೈಲಜಾ ಬಾಯಿ ಮುಚ್ಚುವುದರೊಳಗೆ ಇಡೀ ಐದನೇ ಕ್ಲಾಸು ನಕ್ಕಿತು.

“ಟೀಚರ್, ಆಡಿನ ಕಾಲು ತುಳದಂಗ ಆತ್ರಿ!” ಎಂದ ಮಾಂತೇಶ.

“ನಾಳಿ ಸಂಜಿಗೆ ಸಾಲಿ ಗ್ಯಾದರಿಂಗ್ ಐತಿ. ನಾಳಿ ಮುಂಜಾನಿ ಕೂಗು ಸರಿ ಬರಲಿಲ್ಲಂದ್ರ ನಿನ್ನ ಬದಲಿ ಮಾಂತೇಶ ಹಾಡ್ತಾನ,” ಎಂದರು ಟೀಚರ್.

ಅವಳು ಹಾಡಬೇಕಿದ್ದದ್ದು ಗೌರೀಶ ಮಾಮಾನ ಹಾಡು! ಕಾಲೇಜಿನಲ್ಲಿದ್ದಾಗ ಮಾಮಾ ಉದ್ದ ಕೂದಲು ಬಿಟ್ಟು, ಗಿಟಾರ್ ಹಿಡಿದು ಕಟ್ಟಿದ ರಾಕ್ ಹಾಡು. ಚಚಡಿಯಿಂದ ಯರಗಟ್ಟಿಯವರೆಗೆ ಎಲ್ಲರ ಮೊಬೈಲಿನಲ್ಲೂ ಇದೆ. ನಡುವೆ ಬರುವ ಕೂಗಿಗೆ ಮೈ ಜುಮ್ಮೆನ್ನುತ್ತದೆ. ಈಗ ಮಾಮಾನಿಗೆ ಕೂದಲಿಲ್ಲ, ಗತ್ತು ಮಾತ್ರ ಉಳಿದಿದೆ.

“ಮಾಮಾ, ಆ ಕೂಗು ಹೆಂಗ ತಗದಿ?” ಮನೆಗೆ ಬಂದವಳೇ ಕೇಳಿದಳು.

“ಅದಕ್ಕ ಎದಿಯಾಗ ಬೆಂಕಿ ಇರಬೇಕು,” ಮಾಮಾ ಮೀಸೆ ತಿರುವಿದ.

ರೊಟ್ಟಿ ಬಡಿಯುತ್ತಿದ್ದ ರಾಚವ್ವಜ್ಜಿ ಕಿಸಕ್ಕನೆ ನಕ್ಕಳು. “ಬೆಂಕಿ ಅಂತ ಬೆಂಕಿ! ಖರೇ ಹೇಳೋ, ಖೋಡಿ.”

“ಯವ್ವಾ, ಸುಮ್ನಿರು!”

ಅಜ್ಜಿ ಸುಮ್ಮನಿರಲಿಲ್ಲ. “ಜೋಳ ತುಂಬೋ ಹಗೇವು ಖಾಲಿ ಇತ್ತು. ನೆಲದಾಗಿನ ಕುಣಿ, ದನಿ ಗುಂಯ್ ಅಂತೈತಿ ಅಂತ ಇವ ಟೇಪ್‌ರೆಕಾರ್ಡರ್ ಹಿಡಕೊಂಡು ಇಳದ. ಹೊರಗಿನ ಸಪ್ಪಳ ಬರಬಾರದಂತ ಇವನ ಗೆಳ್ಯಾರು ನಿಚ್ಚಣಿಕಿ ಮ್ಯಾಲ ಎಳಕೊಂಡು, ಹಗೇವಿನ ಬಾಯಿಗೆ ಕಲ್ಲು ಮುಚ್ಚಿ, ಗಿರ್ಮಿಟ್ ತಿನ್ನಾಕ ಹೋದ್ರು!”

“ಮುಂದ?”

“ಮುಂದೇನು? ಎಷ್ಟೊತ್ತಾದ್ರೂ ಅವ್ರು ಬರಲಿಲ್ಲ, ಅಂಜಿ ಚೀರಿದ. ಟೇಪ್ ಓಡಾಕತ್ತಿತ್ತು, ಹಾಡಿನಾಗ ಉಳೀತು. ನಾ ಕಲ್ಲು ಸರಿಸೂದ್ರಾಗ ಪ್ಯಾಂಟ್ ಒದ್ದಿ!”

ಶೈಲಜಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮಾಮಾ ನಗಲಿಲ್ಲ. “ಯಾರೂ ಬರಂಗಿಲ್ಲ ಅನಿಸಿತ್ತವಾ,” ಎಂದ ಮೆಲ್ಲಗೆ.

ಅವಳ ನಗು ಅರ್ಧಕ್ಕೇ ನಿಂತಿತು.

ಮರುದಿನ ಮುಂಜಾನೆ ಕ್ಲಾಸಿನಲ್ಲಿ ಮಾಂತೇಶ ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಶೈಲಜಾ ಕಣ್ಣು ಮುಚ್ಚಿದಳು. ಕತ್ತಲೆ. ತಲೆಯ ಮೇಲೆ ಕಲ್ಲು. ನಿಚ್ಚಣಿಕೆ ಇಲ್ಲ. ಗೋಡೆ ಸವರಿದರೆ ಬರೀ ಮಣ್ಣು.

ಕೂಗಿದಳು.

ಯಾರೂ ನಗಲಿಲ್ಲ. ಮಾಂತೇಶನ ಬಾಯಿ ತೆರೆದೇ ಇತ್ತು. “ಹಾಡು ನಿಂದ,” ಎಂದರು ಟೀಚರ್, ಮೆಲ್ಲಗೆ.

ಅಷ್ಟರಲ್ಲಿ ಹೆಡ್‌ಮಾಸ್ತರು ಏದುಸಿರು ಬಿಡುತ್ತ ಒಳಗೆ ನುಗ್ಗಿದರು. “ಏನಾತು? ಯಾರಿಗೇನಾತು?”

ಅವರ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು. ಕ್ಲಾಸೆಲ್ಲ ಗೊಳ್ಳೆಂದಿತು.

“ಏನಿಲ್ರಿ ಸರ್,” ಎಂದಳು ಶೈಲಜಾ. ಅವಳಿಗೆ ನಗು ಬರಲಿಲ್ಲ; ಕೂಗಿಗೆ ಒಬ್ಬರು ಓಡಿ ಬಂದಿದ್ದರು. ಹೊರಗೆ ಹೋಗಿ, ಮೆಟ್ಟಿಲ ಹತ್ತಿರ ಬಿದ್ದಿದ್ದ ಇನ್ನೊಂದು ಚಪ್ಪಲಿ ತಂದು ಅವರ ಕಾಲ ಮುಂದೆ ಇಟ್ಟಳು.